ಚುಕ್ಕೆ ಹೋಯ್ತು, ರೋಗ ಹೋಗಿರಲಿಲ್ಲ

ಲಿಂಗಸುಗೂರಿನಿಂದ ಸಮುದ್ರ ನೋಡಬೇಕಂದ್ರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೆ ನಮ್ಮ ಮನೆಯ ಪಡಸಾಲೆಯಲ್ಲಿ 100 ಲೀಟರಿನ ಪುಟ್ಟ ಸಮುದ್ರವೊಂದಿದೆ. ವರ್ಕ್ ಫ್ರಂ ಹೋಮ್ ಸಿಕ್ಕ ಮೇಲೆ ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬಂದಾಗ ಲ್ಯಾಪ್‌ಟಾಪ್ ಜೊತೆ ತಂದ ಹುಚ್ಚು ಅದು. ಒಳಗೆ ಎರಡು ಕ್ಲೌನ್ ಮೀನು. 2003ರ ‘ಫೈಂಡಿಂಗ್ ನೀಮೊ’ ಸಿನಿಮಾ ನೋಡಿದವರಿಗೆ ಗೊತ್ತಲ್ಲ, ಕಿತ್ತಳೆ ಮೈ, ಬಿಳಿ ಪಟ್ಟೆ, ಅದೇ. ಆರು ವರ್ಷದ ನನ್ನ ಅಣ್ಣನ ಮಗಳು ಒಂದಕ್ಕೆ ದೊಡ್ಡ ನೀಮೊ, ಇನ್ನೊಂದಕ್ಕೆ ಸಣ್ಣ ನೀಮೊ ಅಂತ ಹೆಸರಿಟ್ಟಿದ್ದಾಳೆ. ಶಾಲೆಗೆ ಹೋಗುವ ಮೊದಲು ಅವಕ್ಕೆ ‘ಬರ್ತೀನಿ’ ಅಂತ ಹೇಳಿಯೇ ಹೋಗೋದು.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಕಳೆದ ಬೇಸಿಗೆಗೆ ಮೊದಲು ಬೆಂಗಳೂರಿಗೆ ಹೋದಾಗ ಅಂಗಡಿಯೊಂದರಲ್ಲಿ ಚಂದದ ನೀಲಿ ಡ್ಯಾಮ್ಸೆಲ್ ಮೀನು ಕಂಡಿತು. ಪ್ಯಾಕ್ ಮಾಡಿಸಿಕೊಂಡು ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ ಮನೆ ಮುಟ್ಟಿ, ಅರ್ಧ ಗಂಟೆ ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು, ಸೀದಾ ಒಳಗೆ ಬಿಟ್ಟೆ. ಆ ಅರ್ಧ ಗಂಟೆಯ ಅವಸರ ಮುಂದೆ ಮೂರು ತಿಂಗಳು ನನ್ನನ್ನು ಕಾಡಿತು.

‘ಮೀನಿಗೂ ಅಮ್ಮ ಆಗ್ಯಾಳೇನು?’

ಐದನೇ ದಿನ ಮೊದಲು ನೋಡಿದ್ದು ಅವ್ವ. ‘ಏನೋ ಇದು, ಮೀನಿನ ಮೈಮ್ಯಾಲ ಉಪ್ಪು ಉದುರಿಸಿದಂಗ ಕಾಣ್ತೈತಿ. ಮೀನಿಗೂ ಅಮ್ಮ ಆಗ್ಯಾಳೇನು?’ ಅಂದಳು. ನೋಡಿದರೆ ಹೌದು. ನೀಲಿ ಮೀನಿನ ರೆಕ್ಕೆ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಅದು ಆಗಾಗ ಕಲ್ಲಿಗೆ ಮೈ ಉಜ್ಜುತ್ತಿತ್ತು.

ಗಾಬರಿಯಾಗಿ ಓದೋಕೆ ಕೂತೆ. ಆದರೆ ಮೂರು ದಿನದಲ್ಲಿ ಚುಕ್ಕೆಗಳೆಲ್ಲ ತಾವಾಗಿಯೇ ಮಾಯ! ‘ನೋಡವ್ವ, ಆರಾಮಾತು’ ಅಂತ ಖುಷಿಪಟ್ಟೆ. ಹತ್ತು ದಿನ ಕಳೆದವು. ಚುಕ್ಕೆಗಳು ಮತ್ತೆ ಬಂದವು, ಈ ಸಲ ಮೂರೂ ಮೀನುಗಳ ಮೇಲೆ, ಎಣಿಸಲಾಗದಷ್ಟು. ನೀಲಿ ಮೀನು ಪಂಪಿನ ನೀರು ಬೀಳುವ ಜಾಗದಲ್ಲಿ ನಿಂತು ಏದುಸಿರು ಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಸತ್ತಿತ್ತು. ‘ಕಾಕಾ, ನೀಮೊಗಳೂ ಸಾಯ್ತಾವೇನು?’ ಅಂತ ಮಗು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಚುಕ್ಕೆ ಎಲ್ಲಿಗೆ ಹೋಯ್ತು?

ಈ ರೋಗಕ್ಕೆ ಕಾರಣ ‘ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್’ ಎಂಬ ಏಕಕೋಶ ಪರಾವಲಂಬಿ. ಅಕ್ವೇರಿಯಂ ಇಟ್ಟವರು ಇದನ್ನು ಮರೀನ್ ಇಕ್ ಅಂತಾರೆ. ಇದರ ಬದುಕು ನಾಲ್ಕು ಹಂತದ್ದು, ಅದು ಅರ್ಥವಾದರೆ ಅರ್ಧ ಚಿಕಿತ್ಸೆ ಮುಗಿದಂತೆ.

ಮೊದಲು ಅದು ಮೀನಿನ ಚರ್ಮ ಮತ್ತು ಕಿವಿರಿನೊಳಗೆ ಹೊಕ್ಕು 3ರಿಂದ 7 ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಇದೇ. ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ. ನಾವು ‘ಗುಣವಾಯ್ತು’ ಅಂದುಕೊಳ್ಳುವುದು ಆಗಲೇ. ಆಮೇಲೆ ಮರಳು, ಕಲ್ಲು, ಗಾಜಿಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಒಂದೇ ಕೋಶದಿಂದ ಸುಮಾರು ಇನ್ನೂರು ಮರಿಗಳು ಹೊರಬರಬಹುದು. ಸಾಮಾನ್ಯವಾಗಿ ಇದಕ್ಕೆ 3ರಿಂದ 28 ದಿನ ಬೇಕು. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಲೇಬೇಕು. ಸಿಗದಿದ್ದರೆ ಸಾಯುತ್ತವೆ.

ಅಂದರೆ ನಾನು ಖುಷಿಪಟ್ಟ ಆ ಹತ್ತು ದಿನ ರೋಗ ಹೋಗಿರಲಿಲ್ಲ, ನೆಲದಲ್ಲಿ ಕೂತು ನೂರ್ಮಡಿಯಾಗುತ್ತಿತ್ತು.

ಸಲಹೆಗಳ ಸಂತೆ

ಗೆಳೆಯನೊಬ್ಬ ‘ಉಪ್ಪು ಹಾಕು’ ಅಂದ. ಸಿಹಿನೀರಿನ ಮೀನಿಗೆ ಬರುವ ಬಿಳಿ ಚುಕ್ಕೆಗೆ ಉಪ್ಪು ಕೆಲಸ ಮಾಡುತ್ತದೆ, ನಿಜ. ಆದರೆ ಆ ಜೀವಿಯೇ ಬೇರೆ. ನಮ್ಮದು ಸಮುದ್ರದ್ದು, ಲೀಟರಿಗೆ 35 ಗ್ರಾಂ ಉಪ್ಪಿನಲ್ಲೇ ಹುಟ್ಟಿ ಬೆಳೆದದ್ದು. ಇನ್ನೊಬ್ಬ ‘ಹೀಟರ್ ಜಾಸ್ತಿ ಮಾಡು’ ಅಂದ. ಬಿಸಿ ಹೆಚ್ಚಿಸಿದರೆ ಮರೀನ್ ಇಕ್ ಸಾಯುವುದಿಲ್ಲ. ಮೇಲಾಗಿ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಕಿವಿರು ಹಾಳಾದ ಮೀನಿಗೆ ಅದು ಇನ್ನೂ ಕಷ್ಟ. ಬೆಳ್ಳುಳ್ಳಿ ರಸ, ಕ್ಲೀನರ್ ಸೀಗಡಿ, ಇವೂ ರೋಗವನ್ನು ಬೇರುಸಹಿತ ಕೀಳುವುದಿಲ್ಲ.

ನಿಜವಾಗಿ ಕೆಲಸ ಮಾಡುವ ದಾರಿಗಳು ಮೂರು. ಮೂರನ್ನೂ ಮುಖ್ಯ ಟ್ಯಾಂಕಿನ ಹೊರಗೆ ಮಾಡಬೇಕು.

ಒಂದು, ತಾಮ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮುಕ್ತ ತಾಮ್ರವನ್ನು ಮೂರು ವಾರದಷ್ಟು ಕಾಯ್ದುಕೊಳ್ಳಬೇಕು. ಕಡಿಮೆಯಾದರೆ ಪರಾವಲಂಬಿ ಬದುಕುತ್ತದೆ, ಹೆಚ್ಚಾದರೆ ಮೀನೇ ಸಾಯುತ್ತದೆ. ಟೆಸ್ಟ್ ಕಿಟ್ ಇಲ್ಲದೆ ಕೈ ಹಾಕಲೇಬಾರದು. ಮುಖ್ಯ ಟ್ಯಾಂಕಿಗೆ ಸುರಿದರೆ ಸೀಗಡಿ, ಬಸವನಹುಳು ಸಾಯುತ್ತವೆ, ಕಲ್ಲು ತಾಮ್ರ ಹೀರಿಕೊಳ್ಳುತ್ತದೆ. ಕೆಲವು ಔಷಧಿಗಳಲ್ಲಿ ತಾಮ್ರ ಬೇರೆ ರೂಪದಲ್ಲಿರುತ್ತದೆ. ಅವುಗಳ ಪ್ರಮಾಣ ಬೇರೆ, ಲೇಬಲ್ ಓದಿಯೇ ಹಾಕಬೇಕು.

ಎರಡು, ಉಪ್ಪು ಇಳಿಸುವುದು. ನಿಧಾನವಾಗಿ ಲೀಟರಿಗೆ 15-16 ಗ್ರಾಂಗೆ ತಂದು 3-4 ವಾರ ಇಡುವುದು. ಗೆಳೆಯ ಹೇಳಿದ್ದಕ್ಕೆ ಪೂರ್ತಿ ಉಲ್ಟಾ! ಆದರೆ ಉಪ್ಪು ಅಳೆಯುವ ಉಪಕರಣ ಸರಿಯಾಗಿರಬೇಕು. ಈ ಪರಾವಲಂಬಿಯ ಕೆಲವು ತಳಿಗಳು ಕಡಿಮೆ ಉಪ್ಪನ್ನೂ ತಡೆದುಕೊಳ್ಳುತ್ತವೆ.

ಮೂರು, ಟಬ್ ಬದಲಿಸುವುದು. ಔಷಧಿಯೇ ಬೇಡ. ತಾಮ್ರದ ಕಿಟ್ ಕೊರಿಯರ್‌ನಲ್ಲಿ ಬರುವಷ್ಟು ಸಮಯ ಇಲ್ಲದ ನಾನು ಆರಿಸಿಕೊಂಡದ್ದು ಇದನ್ನೇ.

ಎರಡು ಟಬ್, ಹನ್ನೆರಡು ದಿನ

ಬಜಾರಿನಿಂದ ಎರಡು ಪ್ಲಾಸ್ಟಿಕ್ ಟಬ್ ತಂದೆ. ನಮ್ಮ ಬೋರ್ ನೀರು ಗಡಸು, ಅದಕ್ಕೆ ಆರ್‌ಒ ನೀರಿನ ಕ್ಯಾನ್ ತರಿಸಿ ಸಮುದ್ರದ ಉಪ್ಪಿನ ಪುಡಿ ಬೆರೆಸಿದೆ. ಟಬ್ಬಿನಲ್ಲಿ ಮರಳಿಲ್ಲ, ಕಲ್ಲಿಲ್ಲ. ಒಂದು ಏರ್ ಪಂಪ್, ಅಡಗಿ ಕೂರಲು ಒಂದು ತುಂಡು ಪಿವಿಸಿ ಪೈಪ್, ಅಷ್ಟೇ. ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿ ಪಂಪ್ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡೆ.

ಲೆಕ್ಕ ಸರಳ. ಮೀನಿನಿಂದ ಉದುರಿದ ಪರಾವಲಂಬಿ ಕೋಶ ಕಟ್ಟಿ ಒಡೆಯಲು ಕನಿಷ್ಠ 3 ದಿನ ಬೇಕು. ಅದಕ್ಕೆ ಮೊದಲೇ ಮೀನನ್ನು ಹೊಸ ನೀರಿನ ಟಬ್ಬಿಗೆ ದಾಟಿಸಿಬಿಟ್ಟರೆ ಮರಿಗಳಿಗೆ ಮೀನು ಸಿಗುವುದಿಲ್ಲ. ಹೀಗೆ 3 ದಿನಕ್ಕೊಮ್ಮೆ, ನಾಲ್ಕು ಸಲ. 12 ದಿನದಲ್ಲಿ ಮೈಮೇಲಿದ್ದದ್ದೆಲ್ಲ ಉದುರಿ ಹಿಂದೆ ಉಳಿಯುತ್ತದೆ. ಪ್ರತಿ ಸಲ ಹಳೆಯ ಟಬ್, ಪೈಪ್, ಏರ್ ಸ್ಟೋನ್, ಬಲೆ ಎಲ್ಲವನ್ನೂ ತೊಳೆದು ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದೆ. ಪೂರ್ತಿ ಒಣಗಿದರೆ ಪರಾವಲಂಬಿ ಬದುಕುವುದಿಲ್ಲ, ನಮ್ಮೂರಿನಲ್ಲಿ ಬಿಸಿಲಿಗೇನು ಬರವೇ? ಹೊಸ ಟಬ್ಬಿನ ಉಪ್ಪು ಮತ್ತು ಬಿಸಿ ಹಳೆಯದಕ್ಕೆ ಸಮ ಇರಬೇಕು. ಅಮೋನಿಯಾ ಏರದಂತೆ ತಿನ್ನಲು ಕಡಿಮೆ ಹಾಕಬೇಕು.

ಒಂದು ಎಚ್ಚರಿಕೆ. ಚುಕ್ಕೆ ಉಪ್ಪಿನ ಹರಳಿನಂತಿರದೆ ಚಿನ್ನದ ಪುಡಿ ಉದುರಿಸಿದಂತಿದ್ದು, ಮೀನು ಜೋರಾಗಿ ಉಸಿರಾಡುತ್ತಿದ್ದರೆ ಅದು ವೆಲ್ವೆಟ್ ರೋಗವಿರಬಹುದು. ಅದು ಕೆಲವೇ ದಿನದಲ್ಲಿ ಟ್ಯಾಂಕನ್ನೇ ಖಾಲಿ ಮಾಡುತ್ತದೆ. ಅದಕ್ಕೆ ಟಬ್ ಬದಲಿಸುವುದನ್ನು ನಂಬಿ ಕೂರಬಾರದು, ತಿಳಿದವರನ್ನು ಕೇಳಿ ಅಂದೇ ಔಷಧಿ ಶುರು ಮಾಡಬೇಕು.

ಅಪ್ಪ ಹೇಳಿದ ಬೀಳು

ಹನ್ನೆರಡು ದಿನ ಮುಗಿದಾಗ ಎರಡೂ ನೀಮೊ ಚುಕ್ಕೆಯಿಲ್ಲದೆ ಲವಲವಿಕೆಯಿಂದಿದ್ದವು. ‘ಈಗ ದೊಡ್ಡ ಮನೆಗೆ ಬಿಡು ಕಾಕಾ’ ಅಂತ ಮಗುವಿನ ಹಟ. ಆಗಲ್ಲ ಅಂದೆ. ಕೋಶಗಳು ಮುಖ್ಯ ಟ್ಯಾಂಕಿನ ಕಲ್ಲಿನಲ್ಲಿ ಇನ್ನೂ ಕೂತಿವೆ. ಪ್ರಯೋಗವೊಂದರಲ್ಲಿ ಕೊನೆಯ ಕೋಶ ಒಡೆದದ್ದು 72ನೇ ದಿನಕ್ಕೆ. ಹಾಗಾಗಿ ಮೀನಿಲ್ಲದೆ 76 ದಿನ ಟ್ಯಾಂಕ್ ಬಿಡುವುದು ಅನುಭವಿಗಳ ರೂಢಿ. ಸೀಗಡಿ, ಬಸವನಹುಳು ಅಲ್ಲೇ ಇರಬಹುದು, ಈ ಪರಾವಲಂಬಿಗೆ ಮೀನೇ ಬೇಕು.

ಮನೆಯವರಿಗೆಲ್ಲ ಇದು ಅತಿಯೆನಿಸಿತು. ‘ಬರೀ ನೀರಿಗೆ ಎರಡೂವರೆ ತಿಂಗಳು ಕರೆಂಟ್ ಸುಡ್ತೀಯೇನು?’ ಅಂದಳು ಅವ್ವ. ಅಪ್ಪ ಮಾತ್ರ ಒಮ್ಮೆಗೇ ತಲೆಯಾಡಿಸಿದರು. ‘ಹೊಲ ಬೀಳು ಬಿಟ್ಟಂಗ ಅನ್ನು. ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ರ ಇದನ್ನ ಹೇಳ್ತಾರ. ಬೆಳಿ ಲಂಬಿಸಬ್ಯಾಡ್ರಿ, ಕಟಗಿ ಕಿತ್ತು ಹಾಕ್ರಿ, ಹುಳಕ್ಕ ತಿನ್ನಾಕ ಏನೂ ಉಳಿಸಬ್ಯಾಡ್ರಿ ಅಂತ. ಎಣ್ಣಿ ಹೊಡದು ಸಾಯಲಾರದ್ದು ಉಪವಾಸಕ್ಕ ಸಾಯ್ತೈತಿ.’

ನಾನು ಅಷ್ಟು ದಿನ ಓದಿದ್ದನ್ನು ಅಪ್ಪ ಒಂದೇ ಮಾತಲ್ಲಿ ಹೇಳಿದ್ದರು.

ಹೀಗೆ ಎರಡು ಮೀನು ಸ್ಪಂಜ್ ಫಿಲ್ಟರ್ ಹಾಕಿದ ಟಬ್ಬಿನಲ್ಲಿ, ದೊಡ್ಡ ಟ್ಯಾಂಕ್ ಬೀಳು. ಟಬ್ಬಿನ ನೀರಿನಲ್ಲಿ ಅದ್ದಿದ ಕೈಯನ್ನೂ ತೊಳೆದು ಒರೆಸದೆ ಟ್ಯಾಂಕಿಗೆ ಹಾಕಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಗು ದಿನಾ ಒಂದು ಗೀಟು ಹಾಕಿತು. 77ನೇ ದಿನ ಅವಳ ಕೈಯಿಂದಲೇ ನೀಮೊಗಳನ್ನು ಒಳಗೆ ಬಿಡಿಸಿದೆ. ಎಂಟು ತಿಂಗಳಾಯ್ತು, ಚುಕ್ಕೆ ಮತ್ತೆ ಬಂದಿಲ್ಲ.

ನೀವೂ ಮೀನು ತರ್ತೀರಾ?

ಕ್ವಾರಂಟೈನ್ ಅನ್ನೋ ಪದವನ್ನು 2020ರಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ನಾನು ಅದನ್ನು ಮೀನಿಗೆ ಮಾತ್ರ ಮರೆತಿದ್ದೆ. ಹೊಸ ಮೀನು ಎಷ್ಟೇ ಆರೋಗ್ಯವಾಗಿ ಕಂಡರೂ ಒಂದು ತಿಂಗಳು ಬೇರೆ ಟಬ್ಬಿನಲ್ಲಿಡಿ. ಸಾಧ್ಯವಾದರೆ ಸಮುದ್ರದಿಂದ ಹಿಡಿದದ್ದರ ಬದಲು ಸಾಕಣೆಯಲ್ಲೇ ಹುಟ್ಟಿದ ಮೀನು ಕೊಳ್ಳಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದ್ದಾರೆ. ಹವಳದ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ಹವಳಗಳಿಗೆ ರಕ್ಷಣೆಯಿದೆ.

ಮೊನ್ನೆ ರಾಯಚೂರಿನಲ್ಲಿ ಒಂದು ಹಳದಿ ಮೀನು ನೋಡಿ ಮಗು ಕೈ ಜಗ್ಗಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು: ‘ಕಾಕಾ, ಮೊದಲು ಟಬ್ ರೆಡಿ ಮಾಡೋಣ.’