ನಿಮ್ಮ ಮಣಿಕಟ್ಟಿನಲ್ಲಿರುವ ಸ್ಮಾರ್ಟ್‌ವಾಚ್ ಯಾವ ಮಾದರಿಯದು?

ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಅಮೆರಿಕದಲ್ಲಿರುವ ಮಗ ಕಳುಹಿಸಿಕೊಟ್ಟ ಸ್ಮಾರ್ಟ್‌ವಾಚನ್ನು ಸ್ನಾನ-ಪೂಜೆಯ ಹೊತ್ತನ್ನು ಬಿಟ್ಟರೆ ಅವರು ಕೈಯಿಂದ ಬಿಚ್ಚುತ್ತಿರಲಿಲ್ಲ. ಕಳೆದ ವರ್ಷ ಅವರಿಗೆ ಆಗಾಗ ಎದೆ ಡವಗುಟ್ಟಿ ತಲೆಸುತ್ತು ಬರತೊಡಗಿತು. ವೈದ್ಯರಲ್ಲಿಗೆ ಹೋಗೋಣವೆಂದು ಮನೆಯವರು ಹೇಳಿದಾಗಲೆಲ್ಲ ವಾಚಿನ ಪರದೆಯ ಮೇಲಿನ ಗೆರೆಯನ್ನು ತೋರಿಸಿ, “ಇ.ಸಿ.ಜಿ. ಸರಿಯಾಗಿಯೇ ಇದೆಯಲ್ಲ!” ಎನ್ನುತ್ತಿದ್ದರು. ಮೂರು ವಾರಗಳು ಹೀಗೆಯೇ ಕಳೆದವು. ಕೊನೆಗೆ ವೈದ್ಯರಲ್ಲಿಗೆ ಹೋದಾಗ ಎರಡು ಸಂಗತಿಗಳು ತಿಳಿದವು. ಅವರ ಹೃದಯದ ಬಡಿತ ಲಯ ತಪ್ಪಿತ್ತು. ಅವರ ವಾಚಿನಲ್ಲಿ ಇ.ಸಿ.ಜಿ. ತೆಗೆಯುವ ವ್ಯವಸ್ಥೆಯೇ ಇರಲಿಲ್ಲ. ಅವರು ದಿನವೂ ನೋಡುತ್ತಿದ್ದುದು ನಾಡಿಬಡಿತದ ಸಂಖ್ಯೆಯ ಏರಿಳಿತದ ನಕ್ಷೆಯನ್ನು ಮಾತ್ರ. ಅದೇ ಕಂಪನಿಯ, ನೋಡಲು ತದ್ರೂಪವಾದ ಇನ್ನೊಂದು ಮಾದರಿಯಲ್ಲಿ ಆ ಸೌಲಭ್ಯವಿದೆ. ಸಕಾಲಕ್ಕೆ ಚಿಕಿತ್ಸೆ ದೊರೆತು ಅವರು ಈಗ ಆರೋಗ್ಯವಾಗಿದ್ದಾರೆ.

ಇಂತಹ ಗೊಂದಲಕ್ಕೆ ಕಾರಣವಿಲ್ಲದಿಲ್ಲ. ಸ್ಮಾರ್ಟ್‌ವಾಚ್ ನಮ್ಮ ಮನೆಗಳಿಗೆ ಬರುವುದು ಬಹುಮಟ್ಟಿಗೆ ಉಡುಗೊರೆಯಾಗಿ, ಇಲ್ಲವೇ ಮಕ್ಕಳು ಬಳಸಿ ಬಿಟ್ಟದ್ದಾಗಿ. ಪೆಟ್ಟಿಗೆ ಎಲ್ಲೋ ಹೋಗಿರುತ್ತದೆ, ಕೈಪಿಡಿಯನ್ನು ಯಾರೂ ಓದಿರುವುದಿಲ್ಲ. ಕಟ್ಟಿಕೊಂಡವರಿಗೆ ಕಂಪನಿಯ ಹೆಸರಷ್ಟೇ ಗೊತ್ತು.

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತನಾಳಗಳ ಮೇಲೆ ಬೀಳುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ರಕ್ತ ನುಗ್ಗಿ ಬಂದಾಗ ಮರಳುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ವಾಚು ನಾಡಿಬಡಿತವನ್ನು ಹೇಳುತ್ತದೆ. ಇ.ಸಿ.ಜಿ. ಎಂಬುದು ಇದಲ್ಲ, ಅದು ಹೃದಯದ ವಿದ್ಯುತ್ ಸಂಚಾರದ ದಾಖಲೆ. ಅದಕ್ಕಾಗಿ ವಾಚು ಕಟ್ಟಿದ ಕೈಯ ಜೊತೆಗೆ ಇನ್ನೊಂದು ಕೈಯ ಬೆರಳೂ ವಾಚಿನ ಗುಂಡಿಯನ್ನೋ ಅಂಚನ್ನೋ ಸುಮಾರು 30 ಸೆಕೆಂಡುಗಳ ಕಾಲ ಮುಟ್ಟಿಕೊಂಡಿರಬೇಕು. ನಿಮ್ಮ ವಾಚು ಇನ್ನೊಂದು ಕೈಯ ಬೆರಳನ್ನು ಎಂದೂ ಕೇಳಿಲ್ಲವೆಂದಾದರೆ, ಅದು ಇ.ಸಿ.ಜಿ. ತೆಗೆದಿಲ್ಲವೆಂದೇ ತಿಳಿಯಬೇಕು. ತೆಗೆಯಬಲ್ಲ ವಾಚು ಸಹ ಲಯದ ಏರುಪೇರನ್ನು ಸೂಚಿಸಬಲ್ಲದೇ ಹೊರತು ಹೃದಯಾಘಾತವನ್ನು ಪತ್ತೆ ಮಾಡಲಾರದು.

ಇನ್ನು ಮಾದರಿಯನ್ನು ಗುರುತಿಸುವ ಬಗೆ. ಪೂಜೆಗೆ ಕೂರುವ ಮುನ್ನ ವಾಚನ್ನು ಬಿಚ್ಚಿಟ್ಟಾಗ ಹಿಂಬದಿಯನ್ನು ತಿರುಗಿಸಿ ನೋಡಿ. ಅಕ್ಷರಗಳು ಅತಿ ಸಣ್ಣವು. ಭೂತಗನ್ನಡಿ ಬೇಕಾದೀತು, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿಕೊಳ್ಳಬಹುದು.

ಆ್ಯಪಲ್ ವಾಚಿನ ಹಿಂಬದಿಯ ಬರಹ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಮೊದಲ ತಲೆಮಾರಿನ ಅಲ್ಯೂಮಿನಿಯಂ ವಾಚುಗಳ ಹಿಂದೆ ‘7000 ಸೀರೀಸ್’ ಎಂದು ಕೊರೆದಿತ್ತು. ಅದು ಲೋಹದ ಬೆರಕೆಯ ಹೆಸರು, ವಾಚಿನ ಸರಣಿಯಲ್ಲ! ಆದ್ದರಿಂದ ಐಫೋನಿನ ‘ವಾಚ್’ ಆ್ಯಪ್‌ನಲ್ಲಿ ‘ಜನರಲ್’, ಅಲ್ಲಿಂದ ‘ಅಬೌಟ್’ ತೆರೆಯುವುದು ಲೇಸು. ಅಲ್ಲಿ ‘ಮಾಡೆಲ್ ನಂಬರ್’ ಎದುರಿಗೆ ಎಂ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಕಾಣುತ್ತದೆ. ಅದರ ಮೇಲೆ ಒಮ್ಮೆ ಒತ್ತಿದರೆ ಎ ಅಕ್ಷರ ಮತ್ತು ನಾಲ್ಕು ಅಂಕಿಗಳ ಇನ್ನೊಂದು ಸಂಖ್ಯೆ ಬರುತ್ತದೆ. ಮಾದರಿಯನ್ನು ಖಚಿತವಾಗಿ ಹೇಳುವುದು ಈ ಎರಡನೆಯದು. 2020ರ ಸೆಪ್ಟೆಂಬರಿನಲ್ಲಿ ಸೀರೀಸ್ 6 ಮತ್ತು ಎಸ್‌ಇ ಎಂಬ ಎರಡು ವಾಚುಗಳು ಒಟ್ಟಿಗೇ ಬಂದವು. ಎರಡೂ 40 ಮತ್ತು 44 ಮಿಲಿಮೀಟರ್ ಅಳತೆಯವು. ಕೈಯಲ್ಲಿ ಕಟ್ಟಿದರೆ ಒಂದೇ ರೂಪ. ಮೊದಲನೆಯದರಲ್ಲಿ ಇ.ಸಿ.ಜಿ. ಇದೆ, ರಕ್ತದ ಆಮ್ಲಜನಕದ ಅಳತೆಯೂ ಇದೆ. ಎರಡನೆಯದರಲ್ಲಿ ಎರಡೂ ಇಲ್ಲ. 44 ಮಿಲಿಮೀಟರಿನ ಸಿಮ್ ರಹಿತ ವಾಚಿನಲ್ಲಿ ಎ2292 ಎಂದಿದ್ದರೆ ಸೀರೀಸ್ 6, ಎ2352 ಎಂದಿದ್ದರೆ ಎಸ್‌ಇ. ನಮ್ಮ ಶಿಕ್ಷಕರದು ಈ ಎರಡನೆಯದಾಗಿತ್ತು. ಸೀರೀಸ್ 4ಕ್ಕಿಂತ ಹಿಂದಿನ ಯಾವ ಆ್ಯಪಲ್ ವಾಚಿನಲ್ಲಿಯೂ ಇ.ಸಿ.ಜಿ. ಇಲ್ಲ.

ಅಮೆರಿಕದಿಂದ ತರಿಸಿದವರು ಎಂ ಅಕ್ಷರದ ಸಂಖ್ಯೆಯ ಕೊನೆಯನ್ನೂ ನೋಡಬೇಕು. ಪೇಟೆಂಟ್ ವಿವಾದದಿಂದಾಗಿ 2024ರ ಜನವರಿಯಿಂದ ಆ ದೇಶದಲ್ಲಿ ಮಾರಿದ ಸೀರೀಸ್ 9 ಮತ್ತು ಅಲ್ಟ್ರಾ 2 ವಾಚುಗಳಲ್ಲಿ ಆಮ್ಲಜನಕದ ಅಳತೆಯನ್ನು ತಡೆಹಿಡಿಯಲಾಗಿತ್ತು. ಅವುಗಳ ಸಂಖ್ಯೆ ‘ಎಲ್‌ಡಬ್ಲ್ಯು/ಎ’ ಎಂದು ಮುಗಿಯುತ್ತದೆ. 2025ರ ಆಗಸ್ಟಿನಲ್ಲಿ ಸಾಫ್ಟ್‌ವೇರ್ ಮೂಲಕ ಆ ಸೌಲಭ್ಯವನ್ನು ಬೇರೊಂದು ರೂಪದಲ್ಲಿ ಮರಳಿ ಕೊಟ್ಟರು. ಅಣ್ಣನ ವಾಚು ತೋರಿಸುವುದನ್ನು ತಮ್ಮನ ವಾಚು ತೋರಿಸದಿದ್ದರೆ ಕಾರಣ ಇದೂ ಆಗಿರಬಹುದು.

ಸ್ಯಾಮ್‌ಸಂಗ್ ವಾಚಿನಲ್ಲಿ ‘ಸೆಟ್ಟಿಂಗ್ಸ್’ ಒಳಗೆ ‘ಅಬೌಟ್ ವಾಚ್’ ತೆರೆದರೆ ‘ಎಸ್‌ಎಂ-ಆರ್’ ಎಂದು ಆರಂಭವಾಗುವ ಸಂಖ್ಯೆ ಸಿಗುತ್ತದೆ. ಎಸ್‌ಎಂ-ಆರ್500 ಎಂದರೆ ಆ್ಯಕ್ಟಿವ್, ಅದರಲ್ಲಿ ಇ.ಸಿ.ಜಿ. ಇಲ್ಲ. ಎಸ್‌ಎಂ-ಆರ್820 ಅಥವಾ 830 ಎಂದರೆ ಆ್ಯಕ್ಟಿವ್2, ಅದರಲ್ಲಿ ಇದೆ. ಹೆಸರಿನಲ್ಲಿ ಒಂದು ಅಂಕಿಯಷ್ಟೇ ಭೇದ. ಇವುಗಳ ಇ.ಸಿ.ಜಿ.ಯನ್ನು ಬಳಸಲು ಸ್ಯಾಮ್‌ಸಂಗ್ ಫೋನೇ ಬೇಕೆಂಬುದನ್ನೂ ನೆನಪಿಡಬೇಕು. ರಕ್ತದೊತ್ತಡ ನೋಡುವ ಮಾದರಿಗಳನ್ನು 28 ದಿನಗಳಿಗೊಮ್ಮೆ ತೋಳಿಗೆ ಕಟ್ಟುವ ಬಿ.ಪಿ. ಯಂತ್ರದೊಂದಿಗೆ ಹೋಲಿಸಿ ಸರಿಪಡಿಸಿಕೊಳ್ಳಬೇಕೆಂದು ಕಂಪನಿಯೇ ಹೇಳುತ್ತದೆ. ಅಷ್ಟು ಬೆಲೆಯ ವಾಚಿಗೇ ಈ ಕಟ್ಟುಪಾಡು ಇರುವಾಗ, ಯಾವ ಹೋಲಿಕೆಯನ್ನೂ ಕೇಳದೆ ಕ್ಷಣದಲ್ಲಿ ಬಿ.ಪಿ. ಹೇಳಿಬಿಡುವ ಅಗ್ಗದ ವಾಚಿನ ಸಂಖ್ಯೆಯನ್ನು ನೋಡಿ ಮಾತ್ರೆಯನ್ನು ಹೆಚ್ಚು-ಕಡಿಮೆ ಮಾಡುವುದು ಸರಿಯಲ್ಲ.

ಜಾತ್ರೆ, ಸಂತೆ, ರಸ್ತೆಬದಿಯಲ್ಲಿ ಕೊಂಡ ವಾಚುಗಳದೇ ಹೆಚ್ಚಿನ ತೊಡಕು. ಮೇಲ್ನೋಟಕ್ಕೆ ದೊಡ್ಡ ಕಂಪನಿಯದೆಂಬಂತೆಯೇ ಕಾಣುತ್ತವೆ. ಒಂದು ಸುಲಭ ಪರೀಕ್ಷೆಯಿದೆ: ನಿಜವಾದ ಆ್ಯಪಲ್ ವಾಚು ಐಫೋನಿನೊಂದಿಗೆ ಮಾತ್ರ ಜೋಡಣೆಯಾಗುತ್ತದೆ. ನಿಮ್ಮದು ಆಂಡ್ರಾಯ್ಡ್ ಫೋನಿಗೆ ಜೋಡಿಸಿಕೊಂಡಿದ್ದರೆ ಅದು ಆ್ಯಪಲ್ ಅಲ್ಲ. ಇಂತಹವುಗಳಲ್ಲಿ ಕೆಲವನ್ನು ಸುತ್ತಿಟ್ಟ ಟವೆಲಿಗೆ ಕಟ್ಟಿದರೂ ಬಡಿತ ತೋರಿಸುವುದುಂಟು. ಮನೆಯಲ್ಲಿಯೇ ಮಾಡಿ ನೋಡಬಹುದು. ಭಾರತದಲ್ಲಿ ಮಾರುವ ಸ್ಮಾರ್ಟ್‌ವಾಚುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಅಥವಾ ವಾಚಿನ ಮೇಲಿನ ‘ಆರ್’ ಅಕ್ಷರದ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರೆಂಬುದು ತಿಳಿಯುತ್ತದೆ. ಆದರೆ ಈ ನೋಂದಣಿ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು, ಬಿ.ಪಿ. ಸರಿಯಾಗಿ ತೋರಿಸುತ್ತದೆಂಬ ಭರವಸೆಯಲ್ಲ.

ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ತೋರಿಸುವೆನೆನ್ನುವ ವಾಚು ಯಾವ ಮಾದರಿಯದಾದರೂ ನಂಬಬೇಡಿ. ಅಂತಹ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ತಪ್ಪು ಸಂಖ್ಯೆ ಪ್ರಾಣಕ್ಕೇ ಮುಳುವಾದೀತು.

ಮಾದರಿ ತಿಳಿದಿರಬೇಕಾದ ಇನ್ನೊಂದು ಕಾರಣವೂ ಇದೆ. 2017ರಲ್ಲಿ ಬಂದ ಫಿಟ್‌ಬಿಟ್ ಐಯಾನಿಕ್ ಎಂಬ ವಾಚಿನ ಬ್ಯಾಟರಿ ಅತಿಯಾಗಿ ಕಾದು ಕೆಲವರ ಚರ್ಮ ಸುಟ್ಟಿತು. 2022ರ ಮಾರ್ಚಿನಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಲು ತೊಡಗಿತು. ಜಗತ್ತಿನಾದ್ಯಂತ ಸುಮಾರು 17 ಲಕ್ಷ ವಾಚುಗಳು ಮಾರಾಟವಾಗಿದ್ದವು. ಅದೇ ಕಂಪನಿಯ ಉಳಿದ ವಾಚುಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ಗುರುತು ಒಂದೇ: ಹಿಂಬದಿಯಲ್ಲಿ ಪಟ್ಟಿ ಸೇರುವ ಜಾಗದ ಬಳಿ ‘ಎಫ್‌ಬಿ503’ ಎಂಬ ಬರಹ. ಹಳೆಯ ವಾಚನ್ನು ಮಕ್ಕಳಿಂದ ಪಡೆದ ಹಿರಿಯರು ಈ ಬರಹವಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಕಟ್ಟುವುದನ್ನೂ ಚಾರ್ಜ್ ಮಾಡುವುದನ್ನೂ ನಿಲ್ಲಿಸಬೇಕು.

ಮಾದರಿ ಸಂಖ್ಯೆ ದೊರೆತ ಮೇಲೆ ಅದನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಔಷಧ ಚೀಟಿಗಳ ಕಡತದಲ್ಲಿ ಇಡಿ. ಆ ಮಾದರಿ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ಕಂಪನಿಯ ವಿವರಣೆಯಿಂದ ಮಕ್ಕಳ ನೆರವು ಪಡೆದು ಕೆಳಗೆ ಬರೆಯಿರಿ. ವೈದ್ಯರಿಗೆ ವಾಚಿನ ಸಂಖ್ಯೆಗಳನ್ನು ತೋರಿಸುವಾಗ ಈ ಚೀಟಿಯನ್ನೂ ತೋರಿಸಿದರೆ ಅವರಿಗೆ ತೂಗಿ ನೋಡಲು ಅನುಕೂಲ. ಎದೆನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಿನ ಕಷ್ಟ ಕಂಡಾಗ ಮಾತ್ರ ವಾಚನ್ನೂ ನೋಡುತ್ತ ಕೂರದೆ, ಚೀಟಿಯನ್ನೂ ಹುಡುಕದೆ, ಕೂಡಲೇ 108ಕ್ಕೆ ಕರೆ ಮಾಡಿ.