ಕಾಸಿಗೆ ತೂತು ಬಿದ್ದ ಕಾಲ

ಹಳೆಯ ಟ್ರಂಕಿನ ತಳದಲ್ಲಿ ಸಿಗುವ ನಾಣ್ಯಗಳ ಪೈಕಿ ತೂತಿನ ಕಾಸು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸುತ್ತ ತೆಳ್ಳಗಿನ ಕಂಚು, ನಡುವೆ ದೊಡ್ಡ ಕಂಡಿ. ಮಕ್ಕಳು ಅದನ್ನು ಕಣ್ಣಿಗೆ ಹಿಡಿದು ಆಡುತ್ತಾರೆ. ಆ ತೂತು ಕೊರೆದದ್ದು ಎರಡನೆಯ ಮಹಾಯುದ್ಧ.

ಆಗಿನ ಲೆಕ್ಕದಲ್ಲಿ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಅಂದರೆ ಒಂದು ರೂಪಾಯಿಯಲ್ಲಿ 64 ಪೈಸೆ, 192 ಪೈ. ಸಂತೆಯಲ್ಲಿ ಸೊಪ್ಪು, ವೀಳ್ಯದೆಲೆ, ಬೆಂಕಿಪೊಟ್ಟಣ ಕೊಳ್ಳುವವರಿಗೆ ರೂಪಾಯಿಗಿಂತ ಈ ಚಿಲ್ಲರೆಯೇ ಮುಖ್ಯ. ಯುದ್ಧಕ್ಕೆ ಮೊದಲು ಕಾಲಾಣೆ ಎಂದು ಅಚ್ಚಾಗುತ್ತಿದ್ದ ಪೈಸೆ ಗಟ್ಟಿ ಬಿಲ್ಲೆ. ಕಂಚಿನದು, ಸುಮಾರು 4.9 ಗ್ರಾಂ ತೂಕ, ಮೇಲೆ ದೊರೆಯ ತಲೆ.

ಯುದ್ಧ ಬಂದದ್ದೇ ತಾಮ್ರವೆಲ್ಲ ಮದ್ದುಗುಂಡಿನ ಕಾರ್ಖಾನೆಗಳ ಪಾಲಾಯಿತು. ಇತ್ತ ಸೈನ್ಯದ ಖರ್ಚು, ಏರಿದ ಬೆಲೆಗಳು ಸೇರಿ ಚಿಲ್ಲರೆಯ ಬೇಡಿಕೆ ವಿಪರೀತವಾಯಿತು. ಜಪಾನೀಯರು ಬರ್ಮಾ ತನಕ ಬಂದ ಮೇಲಂತೂ ಜನರಿಗೆ ಕಾಗದದ ನೋಟಿನ ಮೇಲೆ ನಂಬಿಕೆ ಕುಸಿದು, ಕೈಗೆ ಸಿಕ್ಕ ಲೋಹದ ನಾಣ್ಯವನ್ನು ಬಚ್ಚಿಡತೊಡಗಿದರು. ಸರ್ಕಾರ 1940ರಲ್ಲೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. 1942ರಲ್ಲಿ ಅರ್ಧಾಣೆ, ಆಣೆ, ಎರಡಾಣೆಗಳು ನಿಕ್ಕಲ್ ಬೆರೆತ ಹಿತ್ತಾಳೆಗೆ ಬದಲಾದವು. 1943ರಲ್ಲಿ ಪೈಸೆಯ ಸರದಿ ಬಂತು: ಲೋಹ ಉಳಿಸಲು ಅದರ ನಡುವೆ ತೂತು ಕೊರೆದರು.

ಈ ಹೊಸ ಪೈಸೆ ತೂಗಿದ್ದು ಎರಡು ಗ್ರಾಂನಷ್ಟು ಮಾತ್ರ. ಅಗಲ 21 ಮಿಲಿಮೀಟರು. ಹಳೆಯ ಒಂದು ಕಾಲಾಣೆಯ ಲೋಹದಲ್ಲಿ ಈಗ ಎರಡಕ್ಕಿಂತ ಹೆಚ್ಚು ಪೈಸೆ ಅಚ್ಚಾಗುತ್ತಿತ್ತು. ಉಪಾಯವೇನೂ ಹೊಸತಲ್ಲ. ಪೂರ್ವ ಆಫ್ರಿಕಾದ ತಮ್ಮ ವಸಾಹತುಗಳಲ್ಲಿ ಬ್ರಿಟಿಷರು ತೂತಿನ ನಾಣ್ಯಗಳನ್ನು ದಶಕಗಳಿಂದಲೇ ಬಳಸುತ್ತಿದ್ದರು. ಆದರೆ ನಡುವೆ ಕಂಡಿ ಬಿದ್ದ ಮೇಲೆ ಆರನೆಯ ಜಾರ್ಜ್ ದೊರೆಯ ಮುಖಕ್ಕೆ ಜಾಗವೆಲ್ಲಿ? ಕಿರೀಟವೊಂದೇ ಉಳಿಯಿತು, ಇನ್ನೊಂದು ಬದಿಗೆ ಎಲೆಗಳ ಹಾರ. ಸಾಮ್ರಾಜ್ಯದ ಕೊನೆಯ ವರ್ಷಗಳಲ್ಲಿ ಬಡವರ ಕೈಯಲ್ಲಿ ಓಡಾಡಿದ ನಾಣ್ಯದಲ್ಲಿ ದೊರೆಯೇ ಇರಲಿಲ್ಲ ಎಂಬುದು ನನಗೆ ಚರಿತ್ರೆಯ ದೊಡ್ಡ ಸಂಗತಿಯಾಗಿಯೇ ಕಾಣುತ್ತದೆ.

ನಮ್ಮ ಕಡೆಯೂ ಇದು ಚೆನ್ನಾಗಿಯೇ ಓಡಿತು. ಮೈಸೂರು ಸಂಸ್ಥಾನ ಸ್ವಂತ ಟಂಕಸಾಲೆಯನ್ನು 1843ರಲ್ಲೇ ಮುಚ್ಚಿದ್ದರಿಂದ ಅಲ್ಲೂ, ಮುಂಬಯಿ ಮತ್ತು ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳಲ್ಲೂ ನಡೆಯುತ್ತಿದ್ದುದು ಇದೇ ನಾಣ್ಯ. ಕಲಬುರ್ಗಿ, ರಾಯಚೂರು, ಬೀದರಿನ ಕಥೆ ಬೇರೆ. ಅಲ್ಲಿ ನಿಜಾಮರ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. ಲೋಹದ ಬರ ಮಾತ್ರ ಎಲ್ಲರಿಗೂ ಒಂದೇ: ನಿಜಾಮರ ಎರಡು ಪೈ ನಾಣ್ಯಕ್ಕೂ ಅದೇ ವರ್ಷಗಳಲ್ಲಿ ತೂತು ಬಿತ್ತು.

ಜನ ಈ ತೂತಿಗೆ ಬೇಗನೆ ಕೆಲಸ ಹುಡುಕಿದರು. ಹತ್ತಾರು ಕಾಸನ್ನು ದಾರಕ್ಕೆ ಪೋಣಿಸಿಟ್ಟರೆ ಎಣಿಕೆ ಸಲೀಸು, ಕಳೆಯುವ ಭಯವಿಲ್ಲ. ಕೂಸಿನ ಉಡಿದಾರಕ್ಕೂ ಒಂದು ಸೇರುತ್ತಿತ್ತು. ಬೋಲ್ಟಿಗೆ ವಾಷರ್ ಬೇಕಾದವರೂ ಇದನ್ನೇ ಹಾಕಿದರು.

1947ರ ಇಸವಿಯೊಂದಿಗೆ ತೂತಿನ ಕಾಸಿನ ಅಚ್ಚು ನಿಂತಿತು. 1950ರಲ್ಲಿ ಗಣರಾಜ್ಯದ ಪೈಸೆ ಬಂದಾಗ ಅದು ಮತ್ತೆ ಗಟ್ಟಿ ಬಿಲ್ಲೆ, ಕಿರೀಟದ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳು, ಇನ್ನೊಂದು ಬದಿಗೆ ಕುದುರೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯಾಯಿತು. ಹಳೆಯ ಒಂದು ಪೈಸೆಗೆ ಸರಿಯಾದ ಲೆಕ್ಕ ಒಂದೂವರೆಗಿಂತ ತುಸು ಹೆಚ್ಚು ನಯಾ ಪೈಸೆ. ಕೊಡುವಾಗ ಎರಡು ಕೊಡಬೇಕು. ಆದರೆ ನಾಲ್ಕು ಪೈಸೆ ಸೇರಿದ ಆಣೆಗೆ ಸಿಗುವುದು ಆರೇ. ಅಂಗಡಿಗಳ ಮುಂದೆ ಜಗಳವಾದದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಮನೆಯಲ್ಲಿ ತೂತಿನ ಕಾಸು ಇದ್ದರೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಕಂಚಿನ ಮೇಲಿನ ಆ ಕಂದು ಬಣ್ಣವೇ ಅದರ ವಯಸ್ಸು. ಅದನ್ನು ಕೈಯಾರೆ ಖರ್ಚು ಮಾಡಿದ ಹಿರಿಯರು ಮನೆಯಲ್ಲಿದ್ದರೆ, ಆಗ ಒಂದು ಕಾಸಿಗೆ ಏನು ಬರುತ್ತಿತ್ತೆಂದು ಕೇಳಿ ಬರೆದಿಡಿ.