ಪಾಸ್‌ವರ್ಡ್‌ನಲ್ಲಿ ಒಂದು ಹ್ಯಾಶ್ ಇದ್ರೆ ಎಫ್‌ಟಿಪಿ ವಿಳಾಸ ಏನಾಗುತ್ತೆ?

ಇವತ್ತಿನ ವಿಷಯ ನೋಡೋಕೆ ಚಿಕ್ಕದು. ಆದ್ರೆ ಆಫೀಸಿನಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆದು ದಿನಾ ಸರ್ವರ್‌ನಿಂದ ಬಿಲ್, ಸ್ಟಾಕ್ ಲಿಸ್ಟ್ ಇಳಿಸಿಕೊಳ್ಳೋರಿಗೆ ತುಂಬಾ ಬೇಕಾಗಿದ್ದು. ಎಫ್‌ಟಿಪಿ ವಿಳಾಸವನ್ನು ಕೋಡ್‌ನಲ್ಲಿ ಕಟ್ಟೋದು ಹೇಗೆ, ಬಿಡಿಸೋದು ಹೇಗೆ?

ಎಫ್‌ಟಿಪಿ ಕಾಲ ಮುಗೀತಲ್ವಾ ಅಂತ ಕೇಳಬಹುದು. ಬ್ರೌಸರ್‌ಗಳ ಮಟ್ಟಿಗೆ ಹೌದು. 2021ರಲ್ಲಿ ಫೈರ್‌ಫಾಕ್ಸ್ 90 ಮತ್ತು ಕ್ರೋಮ್ 95 ಅದನ್ನ ಕೈಬಿಟ್ಟವು. ಹಳೇ ಸರ್ವರ್‌ಗಳಲ್ಲಿ ಮಾತ್ರ ಅದು ಇನ್ನೂ ಓಡ್ತಾ ಇದೆ. ಇದರ ಹಿಂದೆ ನಮ್ಮ ದೇಶದವರೊಬ್ಬರ ಹೆಸರೂ ಇದೆ: ಐಐಟಿ ಕಾನ್ಪುರದ ಮೊದಲ ಬ್ಯಾಚಿನ ಅಭಯ್ ಭೂಷಣ್. ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಆರ್‌ಎಫ್‌ಸಿ 114 ಅನ್ನೋ ದಾಖಲೆಯಲ್ಲಿ ಅವರು ಇದರ ಮೊದಲ ರೂಪ ಬರೆದರು. ವಿಳಾಸವನ್ನು ಒಂದೇ ಸಾಲಲ್ಲಿ ಬರೆಯೋ ನಿಯಮ ಬಂದಿದ್ದು 1994ರ ಡಿಸೆಂಬರ್‌ನಲ್ಲಿ, ಆರ್‌ಎಫ್‌ಸಿ 1738ರಲ್ಲಿ.

ಆ ಸಾಲು ಹೀಗಿರುತ್ತೆ:

ಎಫ್‌ಟಿಪಿ://ಯೂಸರ್:ಪಾಸ್‌ವರ್ಡ್@ಸರ್ವರ್:21/ಫೋಲ್ಡರ್/ಫೈಲ್

ಇಲ್ಲಿ ಕೋಲನ್, ಅಟ್, ಸ್ಲ್ಯಾಷ್ ಇವೆಲ್ಲ ಬೇಲಿಗಳು. ಯಾವ ಭಾಗ ಎಲ್ಲಿ ಮುಗೀತು ಅಂತ ಹೇಳೋದೇ ಅವುಗಳ ಕೆಲಸ. ಬೇಲಿಯ ಗುರುತು ಹೊಲದೊಳಗೇ ಬಂದ್ರೆ ತೊಂದರೆ ಶುರು. ಅಕೌಂಟ್ಸ್ ಕೆಲಸ ಮಾಡೋರಿಗೆ ಇದು ಗೊತ್ತು. ಸಿಎಸ್‌ವಿ ಫೈಲ್‌ನಲ್ಲಿ 1,25,000 ಅಂತ ಕೋಟ್ ಗುರುತಿಲ್ಲದೆ ಬರೆದ್ರೆ, ಒಂದು ಮೊತ್ತ ಮೂರು ಕಾಲಂ ಆಗಿ ಒಡೆದುಹೋಗುತ್ತೆ. ಇಲ್ಲೂ ಅದೇ ಕಥೆ.

ಉದಾಹರಣೆ ನೋಡೋಣ. ಯೂಸರ್ ಹೆಸರು ಅಕೌಂಟ್ಸ್, ಪಾಸ್‌ವರ್ಡ್ "ಮಾವು#77". ಪ್ಲಸ್ ಹಾಕಿ ತುಂಡುಗಳನ್ನ ಜೋಡಿಸಿದ್ರಿ ಅಂದ್ಕೊಳ್ಳಿ. ಪೈಥಾನ್‌ನ ಯುಆರ್‌ಎಲ್‌ಸ್ಪ್ಲಿಟ್‌ಗೆ ಹ್ಯಾಶ್ ಕಂಡ ತಕ್ಷಣ ಸರ್ವರ್ ಭಾಗ ಅಲ್ಲಿಗೇ ಮುಗೀತು. ಅಟ್ ಗುರುತು ಹ್ಯಾಶ್‌ನ ಆಚೆ ಉಳಿದುಹೋಯ್ತು. ಹಾಗಾಗಿ ಅದರ ಲೆಕ್ಕದಲ್ಲಿ "ಅಕೌಂಟ್ಸ್" ಅನ್ನೋದೇ ಸರ್ವರ್ ಹೆಸರು, "ಮಾವು" ಅನ್ನೋದು ಪೋರ್ಟ್ ನಂಬರ್! ಪೋರ್ಟ್ ಕೇಳಿದಾಗ ಎರರ್ ಬರುತ್ತೆ. ಆ ಎರರ್ ಸಂದೇಶದಲ್ಲಿ "ಮಾವು" ಅಂತ ಅಚ್ಚಾಗಿರುತ್ತೆ. ಅಂದ್ರೆ ನಿಮ್ಮ ಅರ್ಧ ಪಾಸ್‌ವರ್ಡ್ ಲಾಗ್ ಫೈಲ್‌ಗೆ ಹೋಯ್ತು.

ಇದಕ್ಕಿಂತ ಕೆಟ್ಟದ್ದೂ ಇದೆ. ಪಾಸ್‌ವರ್ಡ್ "77#ಮಾವು" ಆಗಿದ್ರೆ 77 ಸರಿಯಾದ ಪೋರ್ಟ್ ನಂಬರೇ. ಬಿಡಿಸೋ ಹಂತದಲ್ಲಿ ಎರರ್ರೇ ಬರಲ್ಲ. ಸ್ಕ್ರಿಪ್ಟ್ "ಅಕೌಂಟ್ಸ್" ಅನ್ನೋ ಸರ್ವರ್ ಹುಡುಕ್ತಾ ಹೊರಡುತ್ತೆ. ಫೈಲ್ ಹೆಸರಲ್ಲೂ ಹೀಗೇ. "ಬಿಲ್#12" ಅಂತ ಇದ್ರೆ ಹ್ಯಾಶ್‌ನಿಂದ ಮುಂದಿನದು ಉದುರಿ "ಬಿಲ್" ಮಾತ್ರ ಉಳಿಯುತ್ತೆ. ಆ ಹೆಸರಿನ ಬೇರೆ ಫೈಲ್ ಸರ್ವರ್‌ನಲ್ಲಿದ್ರೆ ಅದೇ ಇಳಿಯುತ್ತೆ. ತಪ್ಪು ಬಿಲ್ ಎಂಟ್ರಿ ಆಗಿ, ತಪ್ಪು ಪೇಮೆಂಟ್ ಹೋದಮೇಲೆ ಗೊತ್ತಾಗೋ ವಿಷಯ ಇದು.

ಪರಿಹಾರ ಏನು? ಪರ್ಸೆಂಟ್ ಎನ್‌ಕೋಡಿಂಗ್. ಹ್ಯಾಶ್ ಬದಲು %23, ಅಟ್ ಬದಲು %40. ಪೈಥಾನ್‌ನಲ್ಲಿ ಇದಕ್ಕೆ ಕೋಟ್ ಅನ್ನೋ ಫಂಕ್ಷನ್ ಇದೆ. ಒಂದು ಎಚ್ಚರ: ಅದು ಸುಮ್ಮನೆ ಬಳಸಿದ್ರೆ ಸ್ಲ್ಯಾಷ್ ಅನ್ನು ಮುಟ್ಟಲ್ಲ. ಪಾಸ್‌ವರ್ಡ್‌ಗೆ ಬಳಸುವಾಗ ಸೇಫ್ ಅನ್ನೋ ಆಯ್ಕೆಯನ್ನ ಖಾಲಿ ಕೊಡಲೇಬೇಕು.

ಈಗ ಮುಖ್ಯ ನಿಯಮ, ಬರೆದಿಟ್ಟುಕೊಳ್ಳಿ. ಕಟ್ಟುವಾಗ: ಮೊದಲು ಒಂದೊಂದು ತುಂಡನ್ನೂ ಕೋಟ್ ಮಾಡಿ, ಆಮೇಲೆ ಜೋಡಿಸಿ. ಬಿಡಿಸುವಾಗ: ಮೊದಲು ತುಂಡು ಮಾಡಿ, ಆಮೇಲೆ ಒಂದೊಂದನ್ನೂ ಅನ್‌ಕೋಟ್ ಮಾಡಿ. ಈ ಕ್ರಮ ತಪ್ಪಿದ್ರೆ ಬೇಲಿ ಯಾವುದು, ಬೆಳೆ ಯಾವುದು ಗೊತ್ತಾಗಲ್ಲ. ಕೋಟ್ ಎರಡು ಸಲ ಆದ್ರೂ ಕೆಡುತ್ತೆ. %40 ಇದ್ದದ್ದು %2540 ಆಗಿ, ಸರ್ವರ್‌ಗೆ ತಪ್ಪು ಪಾಸ್‌ವರ್ಡ್ ಹೋಗುತ್ತೆ.

ಬಿಡಿಸುವಾಗ ಇನ್ನೂ ಮೂರು ವಿಷಯ ನೆನಪಿರಲಿ.

ಒಂದು, ಯುಆರ್‌ಎಲ್‌ಸ್ಪ್ಲಿಟ್ ಕೊಡೋ ಯೂಸರ್ ಹೆಸರು, ಪಾಸ್‌ವರ್ಡ್ ಅನ್‌ಕೋಟ್ ಆಗಿರಲ್ಲ. ಅದನ್ನ ನಾವೇ ಮಾಡಬೇಕು.

ಎರಡು, ವಿಳಾಸದಲ್ಲಿ ಪೋರ್ಟ್ ಬರೆದಿಲ್ಲ ಅಂದ್ರೆ ಅದು 21 ಅಂತ ಊಹಿಸಿ ಕೊಡಲ್ಲ, "ನನ್" ಅಂತ ಕೊಡುತ್ತೆ. 21 ಅನ್ನೋದನ್ನ ನಮ್ಮ ಕೋಡ್ ತುಂಬಬೇಕು.

ಮೂರು, ಸರ್ವರ್ ಹೆಸರಿನ ನಂತರದ ಮೊದಲ ಸ್ಲ್ಯಾಷ್ ಬರೀ ಗಡಿ ಗುರುತು, ಅದು ಫೋಲ್ಡರ್ ದಾರಿಯ ಭಾಗ ಅಲ್ಲ. ಎಫ್‌ಟಿಪಿ ವಿಳಾಸದ ದಾರಿ ಶುರುವಾಗೋದು ಲಾಗಿನ್ ಆದಾಗ ನಾವು ನಿಂತಿರೋ ಫೋಲ್ಡರ್‌ನಿಂದ. ಸರ್ವರ್‌ನ ಬೇರು ಫೋಲ್ಡರ್‌ನಿಂದಲೇ ಹೋಗಬೇಕು ಅಂದ್ರೆ ಸ್ಲ್ಯಾಷ್ ಅನ್ನು ಎನ್‌ಕೋಡ್ ಮಾಡಿ, ಪರ್ಸೆಂಟ್ 2 ಎಫ್ ಅಂತ, ದಾರಿಯ ಮೊದಲಲ್ಲಿ ಇಡಬೇಕು.

ಕನ್ನಡದಲ್ಲಿ ಫೈಲ್ ಹೆಸರಿಡೋರಿಗೆ ಒಂದು ಮಾತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. "ಬಿಲ್" ಅನ್ನೋ ಪದದಲ್ಲಿ ಬ, ಗುಡಿಸು, ಲ, ವಿರಾಮ ಸೇರಿ 4 ಸಂಕೇತ, ಅಂದ್ರೆ 12 ಬೈಟ್. ಎನ್‌ಕೋಡ್ ಆದಾಗ 36 ಅಕ್ಷರ. ಉದ್ದ ನೋಡಿ ಗಾಬರಿ ಬೇಡ, ಅದು ಸರಿಯೇ. ಆದ್ರೆ ಕೆಲವು ಕೀಬೋರ್ಡ್‌ಗಳಲ್ಲಿ ಒತ್ತಕ್ಷರ ಬಿಡಿಸೋಕೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರುತ್ತೆ. ಅದು ಹೆಸರಿನ ಕೊನೆಯಲ್ಲಿ ಉಳಿದುಬಿಟ್ರೆ, ನೋಡೋಕೆ ಒಂದೇ ಥರ ಇರೋ ಎರಡು ಹೆಸರು ಸರ್ವರ್‌ಗೆ ಬೇರೆ ಬೇರೆ ಫೈಲ್.

ಕೊನೆಗೆ ಒಂದು ಪರೀಕ್ಷೆ. ಹ್ಯಾಶ್, ಅಟ್, ಕೋಲನ್, ಸ್ಲ್ಯಾಷ್, ಪರ್ಸೆಂಟ್ ಎಲ್ಲಾ ಇರೋ ಒಂದು ಸುಳ್ಳು ಪಾಸ್‌ವರ್ಡ್ ತಗೊಳ್ಳಿ. ವಿಳಾಸ ಕಟ್ಟಿ, ಅದನ್ನೇ ಬಿಡಿಸಿ. ಹಾಕಿದ್ದೇ ವಾಪಸ್ ಬಂತಾ? ಬಂದ್ರೆ ನಿಮ್ಮ ಕೋಡ್ ಸರಿ ಇದೆ. ಇನ್ನೊಂದು, ಸಾಮಾನ್ಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಪೋಸ್ಟ್‌ಕಾರ್ಡ್ ಥರ ಹೋಗುತ್ತೆ. ಸರ್ವರ್‌ನವರು ಎಸ್‌ಎಫ್‌ಟಿಪಿ ಕೊಡ್ತಾರಾ ಅಂತ ಒಂದ್ಸಲ ಕೇಳಿ ನೋಡಿ. ಕೊಟ್ರೆ ಪೋರ್ಟ್ 21ರ ಬದಲು ಸಾಮಾನ್ಯವಾಗಿ 22. ಪ್ರೋಟೋಕಾಲೇ ಬೇರೆ ಆಗಿರೋದ್ರಿಂದ ಲೈಬ್ರರಿನೂ ಬದಲಾಗಬೇಕು. ವಿಳಾಸ ಕಟ್ಟೋವಾಗ ತುಂಡುತುಂಡಾಗಿ ಕೋಟ್ ಮಾಡೋ ಅಭ್ಯಾಸ ಮಾತ್ರ ಅಲ್ಲೂ ಬಿಡಬೇಡಿ.